ಯಜಮಾನರು ತೀರಿಕೊಂಡ ಮೇಲೂ ಬದುಕಿರುವ ನಾಯಿ ಬೆಕ್ಕುಗಳ ಬಾಬ್ತು

ಸಂಚಾರಿ ಕಿರುಪ್ರಾಣಿ ಚಿಕಿತ್ಸಾ ಶಾಖೆ
(ಅರಸೀಕೆರೆ, ಬೇಲೂರು, ಹಳೇಬೀಡು)
ಬಿಡಾರ: ಅರಸೀಕೆರೆ

ಸುತ್ತೋಲೆ ಸಂಖ್ಯೆ: ಸಂ.ಕಿ.ಚಿ. 14 / ನಾ.ಬೆ. / 59-60
ದಿನಾಂಕ: 19ನೇ ಅಕ್ಟೋಬರ್ 1959

ವಿಷಯ: ಯಜಮಾನರ ಮರಣದ ಕಾರಣ ಶಾಖೆಯ ಪುಸ್ತಕದಲ್ಲಿ ಮೃತವೆಂದು ದಾಖಲಾಗಿ, ಅನಂತರವೂ ಚಿಕಿತ್ಸೆ ಕೋರಿ ಹಾಜರಾಗುವ ಪ್ರಾಣಿಗಳ ಬಗ್ಗೆ ಅನುಸರಿಸಬೇಕಾದ ಕ್ರಮ.

ಉಲ್ಲೇಖ:
(ಅ) ಹಳೇಬೀಡಿನ ಶ್ರೀಮತಿ ಚೆಲುವಾಂಬ ಅವರ ಅರ್ಜಿ, ದಿ. 10-9-1959.
(ಆ) ಸದರಿಯವರ ಅರ್ಜಿ, ದಿ. 17-9-1959.
(ಇ) ಸದರಿಯವರ ಅರ್ಜಿ, ದಿ. 1-10-1959. ಮೂರೂ ಅರ್ಜಿಗಳ ಒಕ್ಕಣೆ ಒಂದೇ: “ನಾಯಿಯ ಕಿವಿಗೆ ಔಷಧ ಹಾಕಿಸಿಕೊಡಬೇಕು.”
(ಈ) ಕಂಪೌಂಡರ್ ಕರಿಬಸವಯ್ಯ ಅವರ ಸಮಜಾಯಿಷಿ. ದಿನಾಂಕವಿಲ್ಲ.

ಪೀಠಿಕೆ

ಈ ಶಾಖೆಯು 1957ರಲ್ಲಿ ಸ್ಥಾಪನೆಯಾದಾಗ ಇದಕ್ಕೆ ಒಂದು ಬೀರು, ಒಂದು ಮೇಜು, ಒಬ್ಬ ಕಂಪೌಂಡರ್, ಒಬ್ಬ ಗುಮಾಸ್ತ ಹಾಗೂ ದನಗಳಿಗಾಗಿ ಅಚ್ಚು ಹಾಕಿಸಿ ಉಳಿದಿದ್ದ ಹನ್ನೆರಡು ದಾಖಲೆ ಪುಸ್ತಕಗಳನ್ನು ಒದಗಿಸಲಾಯಿತು. ಸದರಿ ಪುಸ್ತಕಗಳಲ್ಲಿ ಕೊಂಬು, ಸುಳಿ, ಹಲ್ಲು, ಹಾಲಿನ ಪ್ರಮಾಣ ಇವುಗಳಿಗೆ ಕಾಲಂಗಳಿವೆ. ಪ್ರಾಣಿಯ ಹೆಸರಿಗೆ ಕಾಲಂ ಇಲ್ಲ. ದನವನ್ನು ಯಜಮಾನರ ಹೆಸರಿನಿಂದ ಗುರುತಿಸುವುದು ರೂಢಿ. ಇರುವ ಪುಸ್ತಕಗಳು ಮುಗಿಯುವವರೆಗೆ ಹೊಸವನ್ನು ಕೊಡಲಾಗುವುದಿಲ್ಲವೆಂದು ಮೇಲಿನವರು ತಿಳಿಸಿರುತ್ತಾರೆ. ಮೂರು ಊರುಗಳ ನಾಯಿ ಬೆಕ್ಕುಗಳು ಈಗಿನ ಪ್ರಮಾಣದಲ್ಲಿಯೇ ಕಾಯಿಲೆ ಬೀಳುತ್ತಾ ಹೋದರೆ ಪುಸ್ತಕಗಳು 1983ನೇ ಇಸವಿಯವರೆಗೆ ಸಾಕಾಗುತ್ತವೆ. ಆದ್ದರಿಂದ ಚಿಕಿತ್ಸೆಗೆ ಬರುವ ನಾಯಿ, ಬೆಕ್ಕು, ಮೊಲ, ಗಿಳಿಗಳನ್ನು ಆಯಾ ಯಜಮಾನರ ಹೆಸರಿನಲ್ಲಿಯೇ ಬರೆದುಕೊಂಡು ಬರಲಾಗಿದೆ.

ಈ ಕ್ರಮದ ಬಗ್ಗೆ ಹಿಂದೆ ಒಂದು ತಕರಾರು ಬಂದಿತ್ತು. ಬೇಲೂರಿನ ಕಮಲಾಕ್ಷಮ್ಮ ಎಂಬುವರ ಬೆಕ್ಕಿನ ವಿಷಯದಲ್ಲಿ “ಶ್ರೀಮತಿ ಕಮಲಾಕ್ಷಮ್ಮ, ಬೇಲೂರು. ಬೂದು ಬಣ್ಣ. ಕೊಂಬು ಇಲ್ಲ. ಮೂರು ಮರಿ ಹಾಕಿರುತ್ತಾರೆ” ಎಂದು ದಾಖಲಾಗಿದ್ದು, ಅವರ ಮನೆಯವರು ಆಕ್ಷೇಪಣೆ ಸಲ್ಲಿಸಿದರು. ಬಹುವಚನವನ್ನು ಗೌರವಾರ್ಥವಾಗಿ ಬಳಸಿರುವುದಾಗಿ ಉತ್ತರ ಕೊಡಲಾಯಿತು. ಆಕ್ಷೇಪಣೆ ಮುಂದುವರಿದುದರಿಂದ “ಮೂರು ಮರಿ ಹಾಕಿದೆ” ಎಂದು ತಿದ್ದಲಾಯಿತು. ತಮ್ಮ ಮನೆಯ ಹೆಂಗಸನ್ನು ಏಕವಚನದಲ್ಲಿ ಕರೆದಿದ್ದಾರೆಂದು ಸದರಿಯವರಿಂದಲೇ ಎರಡನೆಯ ಆಕ್ಷೇಪಣೆ ಬಂದಿತು. ಕಡತ ಪರಿಶೀಲನೆಯಲ್ಲಿದೆ.

ಕಳೆದ ಆಗಸ್ಟ್ ತಿಂಗಳಲ್ಲಿ, ಮೃತರಾದವರ ಹೆಸರುಗಳನ್ನು ಎಲ್ಲ ಕಚೇರಿಗಳ ಪುಸ್ತಕಗಳಿಂದ ತೆಗೆದುಹಾಕತಕ್ಕದ್ದೆಂದು ಒಂದು ಪಟ್ಟಿ ಬಂದಿತು. ಕಂಪೌಂಡರ್ ಕರಿಬಸವಯ್ಯ ಅವರು ಪಟ್ಟಿಯನ್ನು ಪುಸ್ತಕದೊಂದಿಗೆ ತಾಳೆ ನೋಡಿ, ಎರಡರಲ್ಲಿಯೂ ಸಿಕ್ಕಿದ ಹೆಸರುಗಳನ್ನು ಕೆಂಪು ಶಾಯಿಯಿಂದ ಹೊಡೆದು, ಷರಾ ಕಾಲಮಿನಲ್ಲಿ “ಮೃತ” ಎಂದು ಬರೆದು ರುಜು ಹಾಕಿದರು. ಇದರಲ್ಲಿ ಅವರ ತಪ್ಪೇನೂ ಕಾಣುವುದಿಲ್ಲ. ಈ ರೀತಿ ಎರಡು ಪ್ರಾಣಿಗಳು ಮರಣ ಹೊಂದಿದವು.

ಮೊದಲನೆಯದು ಅರಸೀಕೆರೆಯ ಕೊಬ್ಬರಿ ವರ್ತಕರಾಗಿದ್ದ ಚನ್ನಬಸವಯ್ಯನವರ ಬೆಕ್ಕು. ಇದು ಕೊಬ್ಬರಿ ಅಟ್ಟದಲ್ಲಿ ತನ್ನ ಮರಣಾನಂತರವೂ ಇಲಿ ಹಿಡಿಯುತ್ತಿರುವುದಾಗಿ ವರದಿ ಇದೆ. ಅದು ಚಿಕಿತ್ಸೆ ಕೇಳಿ ಬಂದಿಲ್ಲದ ಕಾರಣ ಅದರ ಮರಣವನ್ನು ಇದ್ದ ಹಾಗೆಯೇ ಬಿಡಲಾಗಿದೆ.

ಎರಡನೆಯದು ಹಳೇಬೀಡಿನ ಹೈಸ್ಕೂಲು ಉಪಾಧ್ಯಾಯರಾಗಿದ್ದ ಯೋಗನರಸಿಂಹ ಅವರ ನಾಯಿ. ಗಂಡು, ಕಂದು ಬಣ್ಣ, ಮೂರು ವರ್ಷ, ಕೊಂಬು ಇಲ್ಲ, ಹಾಲು ಇಲ್ಲ. ಯಜಮಾನರು ಕಳೆದ ಆಷಾಢದಲ್ಲಿ ನಾಲ್ಕು ದಿನದ ಜ್ವರದಿಂದ, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಸೆಪ್ಟೆಂಬರ್ 10ನೇ ತಾರೀಖು ಗುರುವಾರ, ಬಸ್ತಿಹಳ್ಳಿ ರಸ್ತೆಯ ಬಾಡಿಗೆ ಮನೆಯ ಜಗಲಿಯಲ್ಲಿ ಶಾಖೆಯ ಕ್ಯಾಂಪು ನಡೆಯುತ್ತಿದ್ದಾಗ, ಅವರ ಪತ್ನಿ ಚೆಲುವಾಂಬ ಅವರು ಸದರಿ ನಾಯಿಯನ್ನು ಕರೆತಂದರು. ಬಲಗಿವಿಯಲ್ಲಿ ಗಾಯವಾಗಿ ಹುಳ ಬಿದ್ದಿತ್ತು. ಔಷಧ ಹಾಕದಿದ್ದರೆ ನಾಯಿ ಸಾಯುವುದೆಂಬುದು ಕಂಪೌಂಡರಿಗೂ ತಿಳಿದಿತ್ತು. ಆದರೆ ಪುಸ್ತಕ ತೆಗೆದು ನೋಡಲಾಗಿ ಅದು ಆಗಲೇ ಸತ್ತಿತ್ತು.

ಆ ದಿನ ಜಗಲಿಯಲ್ಲಿ ನಡೆದ ಮಾತುಗಳನ್ನು ಗುಮಾಸ್ತರು ಕೇಳಿದಂತೆಯೇ ಬರೆದುಕೊಂಡಿರುತ್ತಾರೆ. ಅವನ್ನು ಕಚೇರಿಯ ಭಾಷೆಗೆ ತರಲು ಕಾಲಾವಕಾಶ ಸಾಲದೆ ಕೆಳಗೆ ಇದ್ದ ಹಾಗೆ ಕೊಡಲಾಗಿದೆ. ಹುಚ್ಚಮ್ಮ ಎಂಬಾಕೆ ಜಗಲಿಯ ಕೆಳಗೆ ಪುಟ್ಟಿಯಲ್ಲಿ ಸೀತಾಫಲ ಇಟ್ಟುಕೊಂಡು ಮಾರುವವರು, ಶಾಖೆಗೆ ಸಂಬಂಧಪಟ್ಟವರಲ್ಲ.

ಕರಿಬಸವಯ್ಯ: ನಾನೇನ್ ಮಾಡ್ಲಿ ತಾಯಿ, ಪುಸ್ತಕದಲ್ಲಿ ತೀರ್ಕೊಂಡ್‌ಬುಟ್ಟೈತೆ.

ಚೆಲುವಾಂಬ: ಅದು ತೀರ್ಕೊಂಡಿಲ್ಲ. ಅವರು ತೀರ್ಕೊಂಡ್ರು.

ಕರಿಬಸವಯ್ಯ: ಗೊತ್ತಿಲ್ವೇನಮ್ಮ. ನಮ್ ಮಗಳಿಗೆ ಲೆಕ್ಕ ಹೇಳ್ಕೊಟ್ಟ ಪುಣ್ಯಾತ್ಮರು. ಆದ್ರೆ ಇಲ್ಲಿ ಇಬ್ರಿಗೂ ಸೇರಿ ಒಂದೇ ಸಾಲು.

ಹುಚ್ಚಮ್ಮ: ಸತ್ತೋಗಿರೋ ನಾಯಿ ನಿನ್ ಪಂಚೆ ಮೂಸ್ತಾ ಐತಲ್ಲ ಕರಿಬಸಣ್ಣ.

ಕರಿಬಸವಯ್ಯ: ಮೂಸ್ಲಿ ಬುಡು. ಮೂಸೋದಕ್ಕೆ ಕಾಲಂ ಇಲ್ಲ.

ಹುಚ್ಚಮ್ಮ: ಕಾಲಂ ಇಲ್ವಂತೆ. ನಿನ್ ಹೆಸ್ರೂ ಅದ್ರಾಗೆ ಬರ್ಕೊ, ನೀನು ಬದುಕಿದ್ದೀಯೋ ಇಲ್ವೋ ನೋಡಾನ.

ಕರಿಬಸವಯ್ಯ: ನಿನ್ ಪುಟ್ಟಿ ನೋಡ್ಕೊಳ್ಳಕ್ಕ, ಹಸ ಬತ್ತೈತೆ.

ಹುಚ್ಚಮ್ಮ: ಬರ್ಲಿ. ಅದಕ್ಕಾದ್ರೂ ಕೊಂಬೈತೆ, ನಿನ್ ಪುಸ್ತಕದಲ್ಲಿ ಮರ್ಯಾದೆ ಸಿಗ್ತದೆ.

ಚೆಲುವಾಂಬ: ಡಾಕ್ಟರು ನೋಡೋದಿಲ್ವೆ?

ಕರಿಬಸವಯ್ಯ: ನೋಡ್ತಾರೆ ತಾಯಿ. ಪುಸ್ತಕ ನೋಡಿದ್ಮೇಲೆ ನಾಯಿ ನೋಡ್ತಾರೆ.

ಮೇಲ್ಕಂಡ ಸಂಗತಿಗಳನ್ನು ಪರಿಶೀಲಿಸಿ, ಮುಂದೆ ಇಂತಹ ಗೊಂದಲಗಳು ಕ್ರಮಬದ್ಧವಾಗಿ ನಡೆಯಲೆಂಬ ಉದ್ದೇಶದಿಂದ ಕೆಳಕಂಡ ನಿಯಮಗಳನ್ನು ಜಾರಿಗೆ ತರಲಾಗಿದೆ.

1. ಪ್ರಾಣಿಯನ್ನು ಯಜಮಾನರ ಹೆಸರಿನಲ್ಲಿ ಬರೆಯುವ ಪದ್ಧತಿ ಮುಂದುವರಿಯತಕ್ಕದ್ದು. ಈ ಪದ್ಧತಿಯಲ್ಲಿ ದೋಷವಿಲ್ಲ. ಯಜಮಾನರು ಸಾಯುವುದರಿಂದ ದೋಷ ಉಂಟಾಗುತ್ತದೆ. ಸದರಿ ನಾಯಿಗೆ ಸ್ವಂತ ಹೆಸರೊಂದು ಇರುವುದಾಗಿ ಅರ್ಜಿದಾರರು ತಿಳಿಸಿದ್ದು, ಕಾಲಂ ಇಲ್ಲದ ಕಾರಣ ಬರೆದುಕೊಂಡಿರುವುದಿಲ್ಲ.

2. ಯಜಮಾನರು ಮೃತರಾದ ದಿನದಿಂದ ಪ್ರಾಣಿಯೂ ಮೃತವೆಂದು ಭಾವಿಸತಕ್ಕದ್ದು. ಮೂವತ್ತು ದಿನಗಳ ನಂತರವೂ ಅದು ಅನ್ನ ತಿನ್ನುತ್ತಿದ್ದಲ್ಲಿ ಆ ಬಗ್ಗೆ ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು. ತಿನ್ನದಿದ್ದಲ್ಲಿ ತಿಳಿಸಬೇಕಾಗಿಲ್ಲ. ಸದರಿ ನಾಯಿಯು ಮೊದಲ ಒಂಬತ್ತು ದಿನ ಏನನ್ನೂ ತಿನ್ನಲಿಲ್ಲವೆಂದೂ, ಮನೆಯಲ್ಲಿ ಬೇರೆ ಯಾರು ತಿಂದರೆಂದು ತಮಗೆ ನೆನಪಿಲ್ಲವೆಂದೂ ಅರ್ಜಿದಾರರು ಹೇಳಿರುತ್ತಾರೆ. ಎರಡನೆಯ ಸಂಗತಿಯನ್ನು ಶಾಖೆಯು ಕೇಳಿರಲಿಲ್ಲ.

3. ಪ್ರಾಣಿಯು ಬದುಕಿದೆಯೆಂಬುದಕ್ಕೆ ರುಜುವಾತು ಹಾಜರುಪಡಿಸುವ ಹೊಣೆ ಪ್ರಾಣಿಯದು. ಬೊಗಳುವುದನ್ನು ಬಾಯಿಮಾತಿನ ಸಾಕ್ಷ್ಯವೆಂದು ಪರಿಗಣಿಸಿ ತಳ್ಳಿಹಾಕತಕ್ಕದ್ದು. ಬಾಲ ಅಲ್ಲಾಡಿಸುವುದನ್ನು ಒಪ್ಪಬಹುದು. ಆದರೆ ಅದು ಅಧಿಕಾರಿಗಳನ್ನು ನೋಡಿ ಅಲ್ಲಾಡಿಸಿರಬೇಕೇ ಹೊರತು ಅವರ ಕೈಯಲ್ಲಿನ ರೊಟ್ಟಿಯನ್ನು ನೋಡಿ ಅಲ್ಲ. ಬೆಕ್ಕುಗಳು ಸಮನ್ಸಿಗೆ ಬರುವುದಿಲ್ಲವಾದ್ದರಿಂದ, ಅವು ನೌಕರರನ್ನು ಪರಚಿದ ಗಾಯವನ್ನೇ ಹಾಜರಾತಿಯೆಂದು ಎಣಿಸತಕ್ಕದ್ದು. ಗಿಳಿಯು “ನಾನು ಬದುಕಿದ್ದೇನೆ” ಎಂದರೆ ಹೇಳಿಕೊಟ್ಟ ಸಾಕ್ಷಿಯೆಂದು ಬರೆದುಕೊಳ್ಳತಕ್ಕದ್ದು.

4. ಹುಳ ಬಿದ್ದಿರುವ ಪ್ರಾಣಿಗಳ ವಿಷಯದಲ್ಲಿ ವಿಶೇಷ ಎಚ್ಚರ ವಹಿಸತಕ್ಕದ್ದು. ಸತ್ತ ಪ್ರಾಣಿಗೆ ಹುಳ ಬೀಳುವುದು ಸರ್ವವಿದಿತ. ಆದ್ದರಿಂದ ಸದರಿ ನಾಯಿಯ ಕಿವಿಯಲ್ಲಿದ್ದ ಹುಳಗಳು ಪುಸ್ತಕದ ದಾಖಲೆಯನ್ನು ಬೆಂಬಲಿಸುತ್ತವೆಂದು ಕಂಪೌಂಡರ್ ಅವರು ತಮ್ಮ ಸಮಜಾಯಿಷಿಯಲ್ಲಿ ವಾದಿಸಿರುತ್ತಾರೆ. ವಾದವು ಸುಸಂಬದ್ಧವಾಗಿದೆ. ಅದೇ ದಿನ ಮನೆಗೆ ಹೋಗಿ ಅನ್ನ ಸೇರಲಿಲ್ಲವೆಂದೂ ಅವರು ಸಮಜಾಯಿಷಿಯ ಕೊನೆಯಲ್ಲಿ ಬರೆದಿದ್ದು, ಅದನ್ನು ವಾದದ ಭಾಗವೆಂದು ಪರಿಗಣಿಸಿಲ್ಲ.

5. ಎರಡನೆಯ ಅರ್ಜಿಯ ದಿನ, ಅಂದರೆ 17ನೇ ತಾರೀಖು, ಗಾಯದ ವಾಸನೆಯು ಜಗಲಿಯ ಕೆಳಗಿನವರೆಗೂ ಬರುತ್ತಿತ್ತು. ಗಾಯವಾಗಿ ಎಷ್ಟು ದಿನವಾಯಿತು, ಮೊದಲೇ ಏಕೆ ತರಲಿಲ್ಲ ಎಂಬ ಪ್ರಶ್ನೆಗಳಿಗೆ ಅರ್ಜಿದಾರರು ಕೊಟ್ಟ ಹೇಳಿಕೆ ಹೀಗಿದೆ:

“ಅವರು ಹೋದಮೇಲೆ ಅದು ಬಾಗಿಲ ಹತ್ತಿರ ಮಲಗುತ್ತೆ. ಕಿವಿ ಕೆರ್ಕೊಂಡು ಗಾಯ ಮಾಡ್ಕೊಂಡಿದೆ. ನಾನು ನೋಡಲಿಲ್ಲ. ಎರಡು ತಿಂಗಳು ನಾನು ಯಾವುದನ್ನೂ ನೋಡಲಿಲ್ಲ. ವಾಸನೆ ಬಂದಾಗ ನೋಡಿದೆ.”

ಪ್ರಶ್ನೆಗೆ ಇಷ್ಟು ಉತ್ತರ ಸಾಕು. ಮುಂದೆ ಅರ್ಜಿದಾರರಿಗೆ ಈ ಪ್ರಶ್ನೆಯನ್ನು ಕೇಳದಿರುವಂತೆ ಎಲ್ಲ ನೌಕರರಿಗೂ ಈ ಮೂಲಕ ಸೂಚಿಸಲಾಗಿದೆ.

6. ಶಾಖೆಯ ಅನುಮತಿಯಿಲ್ಲದೆ ಯಾವ ಪ್ರಾಣಿಯೂ ಗುಣ ಹೊಂದತಕ್ಕದ್ದಲ್ಲ. 17ನೇ ತಾರೀಖು ಹುಚ್ಚಮ್ಮ ಎಂಬಾಕೆ ತನ್ನ ಪುಟ್ಟಿಯ ಅಡಿಯಲ್ಲಿ ಹಾಸಿದ್ದ ಸೀತಾಫಲದ ಎಲೆಗಳನ್ನು ತೆಗೆದುಕೊಟ್ಟು, “ಅರೆದು ರಸ ಬುಡವ್ವ, ಕಣ್ಣಿಗೆ ಬೀಳ್ದಂಗೆ ನೋಡ್ಕೊ. ಹುಳ ಹೊರಕ್ಕೆ ಬತ್ತವೆ, ಒಂದೊಂದೇ ತೆಗಿ. ಅಸಹ್ಯ ಪಟ್ಕೋಬೇಡ, ಅವೂ ಹೊಟ್ಟೆಪಾಡಿಗೆ ಬಂದಿರೋವು” ಎಂದು ಹೇಳಿದ್ದು ಗುಮಾಸ್ತರ ಕಿವಿಗೆ ಬಿದ್ದಿರುತ್ತದೆ. ಅರ್ಜಿದಾರರು ಅಂದು ಮನೆಯ ಹಿತ್ತಲಿನಲ್ಲಿ ಕೂತು ಹೇರ್‌ಪಿನ್ನಿನಿಂದ ಮೂವತ್ತೊಂಬತ್ತು ಹುಳಗಳನ್ನು ತೆಗೆದಿರುವುದಾಗಿ ಒಪ್ಪಿಕೊಂಡಿದ್ದಾರೆ. ಹುಳಗಳ ಸಂಖ್ಯೆಗೆ ಅವರ ಮಾತನ್ನು ಬಿಟ್ಟರೆ ಬೇರೆ ಆಧಾರವಿಲ್ಲ. ಹೇರ್‌ಪಿನ್ನು ಈಚೆಗೆ ಬೇರೆ ಬಳಕೆಯಲ್ಲಿ ಇರಲಿಲ್ಲವೆಂದು ತಿಳಿದುಬಂದಿದೆ.

7. ಸತ್ತ ಯಜಮಾನರ ಹೆಸರಿನಿಂದ ಬದುಕಿರುವವರ ಹೆಸರಿಗೆ ಪ್ರಾಣಿಯ ಖಾತೆ ಬದಲಾಯಿಸಬಹುದು. ಇದಕ್ಕೆ ಶಾನುಭೋಗರಿಂದ ದೃಢೀಕರಿಸಿದ ವಂಶವೃಕ್ಷ (ಯಜಮಾನರದು, ನಾಯಿಯದಲ್ಲ), ನೆರೆಹೊರೆಯ ಇಬ್ಬರ ಮಹಜರು ಮತ್ತು ಎಲ್ಲ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಸದರಿ ಪ್ರಕರಣದಲ್ಲಿ ಮೃತರ ಅಣ್ಣನವರಾದ ಬೇಲೂರಿನ ಗೋಪಾಲಸ್ವಾಮಿ ಅವರಿಗೆ ಪತ್ರ ಬರೆಯಲಾಗಿ, “ನಾಯಿ ನಮಗೆ ಬೇಡ, ನಮ್ಮದು ಮಡಿಯ ಮನೆ. ಆದರೆ ಬೇಡವೆಂದು ಬರೆದುಕೊಟ್ಟಲ್ಲಿ ನಾಳೆ ಬೇರೆ ಆಸ್ತಿಯನ್ನೂ ಬೇಡವೆಂದು ಬರೆದುಕೊಟ್ಟಂತಾಗುವುದರಿಂದ ಬರೆದುಕೊಡಲಾಗುವುದಿಲ್ಲ” ಎಂದು ಉತ್ತರ ಬಂದಿದೆ. ಇದನ್ನು ಒಪ್ಪಿಗೆಯೆಂದು ಓದಿಕೊಳ್ಳುವುದು ಶಾಖೆಗೆ ಅನುಕೂಲವಾದ್ದರಿಂದ ಹಾಗೆಯೇ ಓದಿಕೊಳ್ಳಲಾಗಿದೆ.

8. ಖಾತೆ ಬದಲಾವಣೆಯಲ್ಲಿ ಉಂಟಾದ ಒಂದು ಅನಿರೀಕ್ಷಿತ ಪರಿಣಾಮವನ್ನು ಎಲ್ಲರ ಗಮನಕ್ಕೆ ತರಲಾಗಿದೆ. ಅಕ್ಟೋಬರ್ 1ನೇ ತಾರೀಖು ನಾಯಿಯನ್ನು ಹೊಸದಾಗಿ “ಚೆಲುವಾಂಬ ಕೋಂ ಯೋಗನರಸಿಂಹ” ಎಂದು, ಅಂದರೆ ಯೋಗನರಸಿಂಹ ಅವರ ಹೆಂಡತಿ ಚೆಲುವಾಂಬ ಎಂದು, ವಾಡಿಕೆಯಂತೆ ಬರೆಯಲಾಯಿತು. ಸಾಲಿನಲ್ಲಿ ಮೃತರ ಹೆಸರು ಪುನಃ ಕಂಡುಬಂದುದರಿಂದ ಕಂಪೌಂಡರ್ ಅವರು ಪಟ್ಟಿಯ ಪ್ರಕಾರ ಅದನ್ನೂ ಕೆಂಪು ಶಾಯಿಯಿಂದ ಹೊಡೆದು “ಮೃತ” ಎಂದು ಬರೆದರು. ಹೀಗೆ ಅರ್ಜಿದಾರರೂ ಅಂದೇ ಮೃತರಾದರು. ಅವರ ಮುಂದೆಯೇ ಬರೆದದ್ದು. ಈ ಬಗ್ಗೆ ಅವರು ಯಾವ ತಕರಾರನ್ನೂ ಸಲ್ಲಿಸಲಿಲ್ಲ. ನಾಯಿಯ ಮಟ್ಟಿಗೆ ಮಾತ್ರ ತಕರಾರನ್ನು ಮುಂದುವರಿಸಿದರು.

ಆಗ ಜಗಲಿಯ ಕೆಳಗಿನಿಂದ “ಅಯ್ಯೋ ಪಾಪಿ, ಬದುಕಿರೋ ಹೆಣ್‌ಮಗಳ ಮೇಲೆ ಗೆರೆ ಎಳೆದ್ಯಲ್ಲೋ” ಎಂಬ ಮಾತು ಕೇಳಿಬಂದುದಾಗಿಯೂ, ಅದಕ್ಕೆ ಕಂಪೌಂಡರ್ ಅವರು “ಅಭ್ಯಾಸಬಲ ಕಣಕ್ಕ” ಎಂದಷ್ಟೇ ಹೇಳಿ ಪೆನ್ನಿನ ಮುಚ್ಚಳ ಹಾಕಿದುದಾಗಿಯೂ ವರದಿ. ವಿಧವೆಯರನ್ನು ಪುಸ್ತಕಗಳಲ್ಲಿ ಹೇಗೆ ಬರೆಯಬೇಕೆಂಬುದು ಈ ಶಾಖೆಯ ವ್ಯಾಪ್ತಿಗೆ ಬರುವುದಿಲ್ಲ. ಅದು ಯಾವ ಇಲಾಖೆಯ ವ್ಯಾಪ್ತಿಗೆ ಬರುತ್ತದೆಂದು ವಿಚಾರಿಸಲಾಗಿ, ಯಾವುದಕ್ಕೂ ಅಲ್ಲವೆಂದು ತಿಳಿದುಬಂದಿದೆ.

9. ಈ ಕೆಳಗೆ ರುಜು ಮಾಡಿರುವವರು ಅಕ್ಟೋಬರ್ 15ನೇ ತಾರೀಖು ಹಳೇಬೀಡಿಗೆ ಭೇಟಿ ಕೊಟ್ಟು, ಪುಸ್ತಕವನ್ನು ನೋಡುವುದಕ್ಕೆ ಮೊದಲೇ, ಕಣ್ತಪ್ಪಿನಿಂದ, ನಾಯಿಯನ್ನು ನೋಡಿದರು. ನಾಯಿಯು ಸದರಿ ಅಧಿಕಾರಿಯ ಕೈ ನೆಕ್ಕಿತು. ಕೈಯಲ್ಲಿ ಏನೂ ಇರಲಿಲ್ಲ. ನೆಕ್ಕುವುದು ಬಾಲ ಅಲ್ಲಾಡಿಸುವುದಕ್ಕಿಂತ ಮೇಲಿನ ದರ್ಜೆಯ ರುಜುವಾತೆಂದು ತೀರ್ಮಾನಿಸಲಾಗಿದೆ. ಕಿವಿಯ ಹೊರಗಿನ ಗಾಯ ಮಾಯುತ್ತಿದೆ. ಒಳಗೆ ಕೀವು ಇದೆ. ಪ್ರತಿ ಗುರುವಾರ ತೊಳೆದು ಪುಡಿ ಹಾಕದಿದ್ದಲ್ಲಿ ಕೀವು ತಲೆಗೆ ಏರಿ, ಪುಸ್ತಕದಲ್ಲಿನ ದಾಖಲೆಯು ನಿಜವಾಗುವ ಸಂಭವವಿದೆ. ದಾಖಲೆಯನ್ನು ನಿಜ ಮಾಡುವುದು ಇತರ ವಿಷಯಗಳಲ್ಲಿ ಶಾಖೆಯ ಧ್ಯೇಯವಾಗಿದ್ದರೂ ಈ ಒಂದು ವಿಷಯದಲ್ಲಿ ಅದನ್ನು ಕೈಬಿಡಲಾಗಿದೆ.

10. ಆದ್ದರಿಂದ ಸದರಿ ನಾಯಿಯನ್ನು ದಿ. 15-10-1959ರ ಪೂರ್ವಾಹ್ನದಿಂದ ಬದುಕಿರುವುದಾಗಿ ಪುನಃ ದಾಖಲು ಮಾಡಿಕೊಳ್ಳಲಾಗಿದೆ. ಆಗಸ್ಟ್‌ನಿಂದ ಆ ದಿನದವರೆಗೆ ಅದು ಸತ್ತಿದ್ದ ಅವಧಿಯನ್ನು ಸೇವೆಯಲ್ಲಿ ಕಡಿತ ಮಾಡತಕ್ಕದ್ದಲ್ಲ. ಹೆಸರಿನ ಕಾಲಮಿನಲ್ಲಿ “ಚೆಲುವಾಂಬ, ಹಳೇಬೀಡು” ಎಂದು ಮಾತ್ರ ಬರೆಯಲಾಗಿದೆ. ಕೋಂ, ಬಿನ್ ಏನೂ ಇಲ್ಲ. ಸಾಲು ಕೊಂಚ ಖಾಲಿಯಾಗಿ ಕಾಣುತ್ತದೆ. ಹಾಗೆಯೇ ಇರತಕ್ಕದ್ದು.

11. ಸಾಲನ್ನು ಹೊಸದಾಗಿ ಬರೆಯುವಾಗ, ಹಿಂದಿನ ಸಾಲಿನಲ್ಲಿ ತಮ್ಮ ಮೇಲೆ ಬಿದ್ದಿರುವ ಕೆಂಪು ಗೆರೆಯನ್ನೂ ರದ್ದುಪಡಿಸಬೇಕೆ ಎಂದು ಅರ್ಜಿದಾರರನ್ನು ಕೇಳಲಾಯಿತು. “ಅದು ಇರಲಿ ಬಿಡಿ” ಎಂದು ಉತ್ತರಿಸಿದರು. ನಾಯಿಯ ಕೊರಳಿನ ಹಗ್ಗ ಹಿಡಿದು ನಿಂತಿದ್ದರು. ಇದು ಮುಂದಿನ ನಿಯಮಕ್ಕೆ ಕಾರಣವಾಗಿದೆ.

12. ನಿಯಮ 1 ಮತ್ತು 2ರ ಪ್ರಕಾರ ಯಜಮಾನರು ಮೃತರಾದರೆ ಪ್ರಾಣಿಯೂ ಮೃತವಾಗುತ್ತದೆ. ಸದರಿ ನಾಯಿಯು ಈಗ ಚೆಲುವಾಂಬ ಅವರ ಹೆಸರಿನಲ್ಲಿದೆ. ಅವರು ಪುಸ್ತಕದಲ್ಲಾಗಲಿ ಪುಸ್ತಕದ ಹೊರಗಾಗಲಿ ಮೃತರಾದಲ್ಲಿ, ಅಥವಾ ಮೃತರಂತೆ ಇದ್ದಲ್ಲಿ, ನಾಯಿಗೆ ಔಷಧ ಕೊಡುವುದು ಶಾಖೆಗೆ ಸಾಧ್ಯವಾಗುವುದಿಲ್ಲ. ಅದನ್ನು ಇನ್ನೊಮ್ಮೆ ಬೇರೆಯವರ ಹೆಸರಿಗೆ ಬದಲಾಯಿಸಲು ಗೋಪಾಲಸ್ವಾಮಿ ಅವರನ್ನು ಬಿಟ್ಟರೆ ವಾರಸುದಾರರಿಲ್ಲ. ಆದಕಾರಣ ಸದರಿ ಚೆಲುವಾಂಬ ಅವರು, ನಾಯಿಯ ಕಿವಿ ಪೂರ್ಣ ಗುಣವಾಗುವವರೆಗೆ ಮತ್ತು ಅನಂತರ ನಾಯಿಯ ಆಯುಷ್ಯ ಮುಗಿಯುವವರೆಗೆ, ಜೀವಂತವಾಗಿರತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಪ್ರತಿ ಗುರುವಾರ ನಾಯಿಯೊಂದಿಗೆ ಖುದ್ದು ಹಾಜರಾಗಿ ಇದನ್ನು ದೃಢಪಡಿಸತಕ್ಕದ್ದು. ಊಟ ಮಾಡಿ ಬರತಕ್ಕದ್ದು. ನಾಯಿಗೆ ಈಗ ಮೂರು ವರ್ಷ. ಚೆನ್ನಾಗಿ ನೋಡಿಕೊಂಡ ನಾಯಿಗಳು ಹದಿನಾಲ್ಕು ಹದಿನೈದು ವರ್ಷ ಬಾಳುವುದುಂಟು. ಈ ಅವಧಿಯಲ್ಲಿ ರಜೆ ಮಂಜೂರಾಗುವುದಿಲ್ಲ.

(ರುಜು) ಗಂಗಾಧರಪ್ಪ
ಪ್ರಭಾರ ವೈದ್ಯಾಧಿಕಾರಿ
ಸಂಚಾರಿ ಕಿರುಪ್ರಾಣಿ ಚಿಕಿತ್ಸಾ ಶಾಖೆ

ಪ್ರತಿಗಳು:

1. ಕಂಪೌಂಡರ್ ಕರಿಬಸವಯ್ಯ ಅವರಿಗೆ. ಪಾಲನೆಗಾಗಿ. ಮೊದಲು ನಾಯಿಯನ್ನು ನೋಡಿ ಅನಂತರ ಪುಸ್ತಕ ನೋಡುವ ಕ್ರಮವನ್ನು ಪ್ರಾಯೋಗಿಕವಾಗಿ ಆರು ತಿಂಗಳು ನಡೆಸಿ ವರದಿ ಕೊಡುವುದು.

2. ಶ್ರೀ ಗೋಪಾಲಸ್ವಾಮಿ, ಬೇಲೂರು. ಮಾಹಿತಿಗಾಗಿ. ಉತ್ತರ ಅಪೇಕ್ಷಿಸಿಲ್ಲ.

3. ಹುಚ್ಚಮ್ಮ, ಸೀತಾಫಲದ ವ್ಯಾಪಾರ, ಹಳೇಬೀಡು. ಅನುಮತಿಯಿಲ್ಲದೆ ನಾಯಿಯ ಜೀವ ಉಳಿಸಿದುದಕ್ಕೆ ಎಚ್ಚರಿಕೆ. ಓದುಬರಹ ಬಾರದವರಾದ್ದರಿಂದ ಕಂಪೌಂಡರ್ ಅವರೇ ಜಗಲಿಯಿಂದ ಇಳಿದು ಹೋಗಿ ಓದಿ ಹೇಳತಕ್ಕದ್ದು, ಅವರು ಏನು ಅಂದರೂ ಕೇಳಿಸಿಕೊಂಡು ಬರತಕ್ಕದ್ದು.

4. ದಿವಂಗತ ಚನ್ನಬಸವಯ್ಯನವರ ಕೊಬ್ಬರಿ ಅಟ್ಟ, ಅರಸೀಕೆರೆ. ಕಂಬಕ್ಕೆ ಅಂಟಿಸಲು.

5. ಶ್ರೀಮತಿ ಚೆಲುವಾಂಬ, ಹಳೇಬೀಡು. ಈ ಪ್ರತಿಯನ್ನು ಅಂಚೆಯಲ್ಲಿ ಕಳುಹಿಸಿರುವುದಿಲ್ಲ. ಬಂದ ಕಾಗದಗಳು ಬಾಗಿಲ ಒಳಗೆ ಬಿದ್ದಲ್ಲಿಯೇ ಇವೆಯೆಂದು ಅಂಚೆಯವರು ತಿಳಿಸಿದ್ದಾರೆ. 22ನೇ ತಾರೀಖು ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ತಾವೇ ಬಂದು ಪಡೆಯತಕ್ಕದ್ದು.